ಬಾಣಲೆ ಕಾಣದ ಎಣ್ಣೆ

ಗೆಳೆಯ ಮುನಿರಾಜು,

ನಮ್ಮ ಮಧುರೆ ಹಳ್ಳಿಯಲ್ಲಿ ನಿನ್ನ ಮನೆ ಮುಂದಿನ ದಾರಿ ಬಿಟ್ಟು ಬಹಳ ದಿನ ಸುತ್ತುಬಳಸಿ ಓಡಾಡಿದೆ. ನಿನ್ನ ಹೆಂಡತಿ ಮಂಜುಳಾ ಎದುರಾದರೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಅವಳ ಕೆಲಸ ಹೋಗಿದ್ದು ನನ್ನಿಂದ. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಿಕೊಳ್ಳಲಿ?

ನೆನಪಿದೆಯಾ, ಬಾಶೆಟ್ಟಿಹಳ್ಳಿಯ ನಮ್ಮ ಫ್ಯಾಕ್ಟರಿಗೆ ನೀನು ಮೊದಲ ಸಲ ಎಣ್ಣೆ ತಂದ ದಿನ? ಹೋಟೆಲುಗಳಲ್ಲಿ ಬೋಂಡ, ಪೂರಿ ಕರಿದು ಬಿಟ್ಟ ಕಪ್ಪೆಣ್ಣೆ. ಕ್ಯಾನು ಇಳಿಸುತ್ತಾ, ಇದನ್ನೇನು ಮಾಡುತ್ತೀರಿ ಎಂದು ಕೇಳಿದ್ದೆ ನೀನು. ಬಯೋಡೀಸೆಲ್ ಮಾಡುತ್ತೇವೆ, ಮಂಗಳೂರಿನಲ್ಲಿ ಹಡಗಿಗೆ ತುಂಬುತ್ತಾರೆ, ಹಡಗಿನ ಮಾಮೂಲಿ ಎಣ್ಣೆಯಷ್ಟು ಕೆಟ್ಟ ಹೊಗೆ ಬರುವುದಿಲ್ಲ ಎಂದೆ ನಾನು.

"ಬೋಂಡ ಎಣ್ಣೇಲಿ ಹಡಗು ಓಡುತ್ತಾ ಗುರು?" ಅಂತ ನಕ್ಕುಬಿಟ್ಟೆ ನೀನು. ಸಮುದ್ರವನ್ನೇ ಕಾಣದವನು. ಆಮೇಲೆ ಹೋಟೆಲಿನವರ ಹಿಂದೆ ಬಿದ್ದು, ಅದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯಬೇಡಿ, ನನಗೆ ಕೊಡಿ ಅಂತ ಎಷ್ಟು ಗೋಗರೆದೆ...

ಎದೆನೋವು ಅಂತ ಕೂತವನು ನೀನು ಮತ್ತೆ ಏಳಲಿಲ್ಲ. ಮಂಜುಳಾಗೆ ನಮ್ಮಲ್ಲೇ ಡ್ರಮ್ ತುಂಬುವ ಕೆಲಸ ಸಿಕ್ಕಿತು. ಅಷ್ಟರಲ್ಲಿ ಹಡಗು ಕಂಪನಿಯೊಂದರಿಂದ ದೊಡ್ಡ ಆರ್ಡರ್ ಬಂತು, ಕರಿದ ಎಣ್ಣೆಯಿಂದ ಮಾಡಿದ್ದೇ ಬೇಕೆಂದು. ಅಷ್ಟು ಕರಿದ ಎಣ್ಣೆ ಎಲ್ಲಿಂದ ತರುವುದು? ಮಾಲೀಕರು ಹೊಸ ತಾಳೆಎಣ್ಣೆ ತರಿಸಿ, ಕರಿದ ಎಣ್ಣೆ ಅಂತ ಚೀಟಿ ಅಂಟಿಸಿದರು. ಲ್ಯಾಬಿನಲ್ಲಿ ಪರೀಕ್ಷೆ ಮಾಡುವವನು ನಾನು. ಬಾಣಲೆಯನ್ನೇ ಕಾಣದ ಎಣ್ಣೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಅವರಿಗೆ ಹೇಳಿದರೆ, "ಹಡಗಿಗೇನ್ ಗೊತ್ತಾಗುತ್ತಪ್ಪ" ಎಂದರು. ಎಲ್ಲೋ ಕಾಡು ಕಡಿದು ಬೆಳೆಸಿದ ತಾಳೆಯ ಎಣ್ಣೆ ಸುಟ್ಟುಕೊಂಡು ಹೋಗುವ ಹಡಗು ಯಾವ ಸೀಮೆಯ ಸ್ವಚ್ಛ ಹಡಗು, ನೀನೇ ಹೇಳು?

ಹಡಗು ಕಂಪನಿಯ ಅಧಿಕಾರಿ ತಪಾಸಣೆಗೆ ಬಂದ ದಿನ ಬೆಳಿಗ್ಗೆ ನಾನೂ ಮಂಜುಳಾನೂ ಒಂದೇ ಬಸ್ಸಿನಲ್ಲಿ ಹೋಗಿದ್ದೆವು. ಮಗಳ ಸ್ಕೂಲಿನ ಮಾತು ಆಡುತ್ತಾ ಬಂದಳು. ಕೇಳಿದರೆ ನಿಜ ಹೇಳುವುದೆಂದು ನಾನು ಆಗಲೇ ನಿರ್ಧರಿಸಿದ್ದೆ. ಮಧ್ಯಾಹ್ನ ಅಧಿಕಾರಿ ಲ್ಯಾಬಿಗೆ ಬಂದು ನೇರವಾಗಿ ಕೇಳಿದರು. ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ. ಆರ್ಡರ್ ಕೈತಪ್ಪಿತು, ಒಂದು ಶಿಫ್ಟೇ ನಿಂತುಹೋಯಿತು, ಮಂಜುಳಾ ಕೆಲಸ ಹೋಯಿತು. ನನ್ನನ್ನೂ ತೆಗೆದರು. ಆದರೆ ಆ ಅಧಿಕಾರಿಯೇ ಗೊತ್ತಿದ್ದವರಿಗೆ ಒಂದು ಮಾತು ಹೇಳಿ ನೆಲಮಂಗಲದ ಹತ್ತಿರ ಇಂಥದೇ ಇನ್ನೊಂದು ಫ್ಯಾಕ್ಟರಿಯಲ್ಲಿ ನನಗೆ ಕೆಲಸ ಕೊಡಿಸಿದರು. ಪ್ರಾಮಾಣಿಕ ಅಂತ ಹೊಗಳಿದರು. ತಲೆ ಎತ್ತಲಾಗಲಿಲ್ಲ ಕಣೋ.

ಕೊನೆಯ ದಿನ ಗೇಟಿನ ಹತ್ತಿರ ಮಂಜುಳಾ ಬಯ್ಯಬಹುದಿತ್ತು. ಬಯ್ಯಲಿಲ್ಲ. "ನೀವ್ ಹೇಳಿದ್ದು ಸರಿನೇ ಅಣ್ಣ. ಬಸ್ಸಲ್ಲೇ ನಂಗೊಂದ್ ಮಾತು ಹೇಳ್ಬೋದಿತ್ತಲ್ಲ" ಅಂದಳು, ಅಷ್ಟೇ.

ಹೇಳಬೇಕೋ ಬೇಡವೋ ಅಂತ ಯೋಚಿಸಿ ಬಿಟ್ಟಿದ್ದರೂ ಒಂದು ಮಾತು. ಅವಳಿಗೆ ಹೇಳಬೇಕೆಂಬುದೇ ನನಗೆ ಹೊಳೆಯಲಿಲ್ಲ. ಎಲ್ಲೋ ಇರುವ ಕಾಡು ನೆನಪಾಯಿತು, ಹಡಗು ನೆನಪಾಯಿತು, ಪಕ್ಕದ ಸೀಟಿನಲ್ಲಿ ಕೂತಿದ್ದವಳು...

ಈಚೆಗೆ ದೊಡ್ಡಬಳ್ಳಾಪುರದಲ್ಲಿ ಒಂದು ಹೋಟೆಲಿನ ಹಿಂಬಾಗಿಲಿನಿಂದ ಅವಳು ಎಣ್ಣೆ ಕ್ಯಾನು ಹೊತ್ತು ಬರುವುದು ಕಂಡಿತು. ಮರೆಯಾಗೋಣವೆಂದುಕೊಂಡೆ. ಅವಳೇ ಕೂಗಿದಳು. ನೀನು ಬಿಟ್ಟ ಕೆಲಸ ಹಿಡಿದಿದ್ದಾಳಂತೆ. ನಿಮ್ಮ ಹೊಸ ಕಂಪನಿಯವರು ತಗೋತಾರಾ, ಕೇಳಿ ನೋಡಿ ಎಂದಳು. ಕೇಳಿದೆ. ತಗೊಂಡರು.

ಹೋದ ವಾರ ಆ ಎಣ್ಣೆಯೂ ಸೇರಿದ ಟ್ಯಾಂಕರ್ ಮಂಗಳೂರಿಗೆ ಹೋಯಿತು ಮುನಿರಾಜು, ಹಡಗಿಗೆ. ಪರೀಕ್ಷೆ ಮಾಡಿದವನು ನಾನೇ. ಚೆನ್ನಾಗಿ ಬಂತು. ಈ ಸಲ ಹೊಸ ಕಂಪನಿಯ ಸಾಹೇಬರಿಗೆ ತಿಳಿಸುವ ಮೊದಲು ಮಂಜುಳಾಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಸರಿ ಅಣ್ಣ" ಅಂತ ಫೋನ್ ಇಟ್ಟುಬಿಟ್ಟಳು.