ಮಣಿಕಟ್ಟಿನ ದಾರ

ಮನೆಯಿಂದ
ಭಾನುವಾರ ಬೆಳಿಗ್ಗೆ, ೧೪ ಜೂನ್

ಪ್ರೀತಿಯ ಡುಮ್ಮಣ್ಣಾ,

ಹೇಗಿದ್ದೀಯ? ಎಣ್ಣೆ ಸಿಡಿದು ಸುಟ್ಟ ಕೈ ವಾಸಿಯಾಯಿತೇ? ನಲವತ್ತು ಜನಕ್ಕೆ ಬೇಯಿಸಿ ಹಾಕುವ ನೀನು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂದು ನನಗೆ ಗೊತ್ತು. ಹಡಗು ಅಲ್ಲಾಡುತ್ತದೆ ಎಂಬ ನೆಪ ಅಕ್ಕನ ಹತ್ತಿರ ನಡೆಯುವುದಿಲ್ಲ. ಇಲ್ಲಿ ನಾವಿಬ್ಬರೂ ಇದ್ದೇವೆ. ಅಮ್ಮ ಬಿದ್ದು ಹಾಸಿಗೆ ಹಿಡಿದು ಈ ತಿಂಗಳಿಗೆ ಒಂದೂವರೆ ವರ್ಷವಾಯಿತು. ಬೆನ್ನಿನ ಹುಣ್ಣು ಒಣಗಿದೆ. ಸ್ವರ ಮಾತ್ರ ಇನ್ನೂ ಸಣ್ಣಗಾಗಿದೆ, ಬಾಯಿಯ ಹತ್ತಿರ ಕಿವಿ ಇಟ್ಟರಷ್ಟೇ ಕೇಳಿಸುತ್ತದೆ. ನನ್ನ ಹೊಲಿಗೆ ನಡೆಯುತ್ತಿದೆ. ಈಗ ಶಾಲೆಯ ಸಮವಸ್ತ್ರಗಳ ಕಾಲ, ಮನೆ ತುಂಬ ಒಂದೇ ಬಣ್ಣ. ಕಂಪನಿಯವರು ಇನ್ನೆರಡು ವರ್ಷಕ್ಕೆ ಕೇಳಿದ್ದಾರೆ, ಮುಂದಿನ ಬಂದರಿನಲ್ಲಿ ಸಹಿ ಹಾಕಬೇಕು ಎಂದು ಬರೆದಿದ್ದೆಯಲ್ಲ, ಓದಿದೆ. ಅದಿರಲಿ, ಮೊದಲು ನಿನ್ನ ಉಡುಗೊರೆಯ ವಿಷಯ.

ಎಂಟು ದಿನದ ಹಿಂದೆ, ಶನಿವಾರ ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಸಮವಸ್ತ್ರದವರು ಅಂದುಕೊಂಡು ತೆಗೆದರೆ ಕೆಳಗಿನ ಮನೆಯ ನರ್ಸಮ್ಮ, ಕೈಯಲ್ಲಿ ಹೆಣಿಗೆಯ ಚೀಲ, ಒಂದು ಲಕೋಟೆ. "ಇವತ್ತು ಸಂಜೆ ನಿಮ್ಮಮ್ಮ ನನ್ನ ಪಾಲು. ಬಟ್ಟೆ ಬದಲಾಯಿಸ್ಕೊಂಡು ಹೊರಡು, ನಿನ್ನ ತಮ್ಮನ ಆರ್ಡರು" ಅಂದರು. ಲಕೋಟೆಯಲ್ಲಿ ಪಿಟೀಲು ಕಚೇರಿಯ ಟಿಕೆಟ್ಟು, ಮೂರನೇ ಸಾಲು. ಸಮುದ್ರದ ಮಧ್ಯೆ ಕೂತು ಇಷ್ಟೆಲ್ಲ ಹೂಡಿದೆಯಲ್ಲ, ನಿನ್ನ ಹೊಟ್ಟೆಯಲ್ಲಿ ಗುಟ್ಟು ನಿಂತದ್ದು ಇದೇ ಮೊದಲು. ನಿನ್ನ ಲೆಕ್ಕಾಚಾರ ನನಗೆ ಅರ್ಥವಾಯಿತು. ಚಿಕ್ಕವರಿದ್ದಾಗ ಅದೇ ಸಭಾಂಗಣದ ಹಿಂದಿನ ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಗೆ ಕಿವಿ ಹಚ್ಚುತ್ತಿದ್ದೆವು. ಪಿಟೀಲು ಶುರುವಾದರೆ ಅಕ್ಕ ಅಳುತ್ತಾಳೆ ಎಂದು ನೀನು ಮನೆಗೆ ಬಂದು ಚಾಡಿ ಹೇಳುತ್ತಿದ್ದೆ. ಆ ಅಕ್ಕನಿಗೆ ಬಾಗಿಲ ಒಳಗಡೆ ಒಂದು ಕುರ್ಚಿ ಕೊಡಿಸಬೇಕು ಎಂದು ನಿನಗೆ ಅನ್ನಿಸಿತು. ಟಿಕೆಟ್ಟು ನೋಡಿದಾಗ ನನಗೆ ಸಂತೋಷವಾಗಬೇಕಿತ್ತು. ಏನೂ ಆಗಲಿಲ್ಲ. ಕಾಲಿಗೆ ಯಾವ ಚಪ್ಪಲಿ ಎಂದು ಯೋಚಿಸಿದೆ, ಅಷ್ಟೆ.

ದಾರದ ವಿಷಯ ನಿನಗೆ ಬರೆದಿಲ್ಲ. ಅಮ್ಮನ ಕೂಗು ಕೇಳಿಸುವುದಿಲ್ಲ, ಗಂಟೆ ಕೊಟ್ಟರೆ ಕೈಯಿಂದ ಬೀಳಿಸುತ್ತಾಳೆ. ಅದಕ್ಕೆ ನಾನು ಗುಂಡಿ ಹೊಲಿಯುವ ದಪ್ಪ ದಾರ ತೆಗೆದುಕೊಂಡು ಒಂದು ತುದಿಯನ್ನು ಅವಳ ಮಣಿಕಟ್ಟಿಗೆ, ಇನ್ನೊಂದನ್ನು ನನ್ನ ಎಡಗೈಗೆ ಕಟ್ಟಿದ್ದೇನೆ. ನೀರು ಬೇಕಾದರೆ, ಮಗ್ಗುಲು ಬದಲಿಸಬೇಕಾದರೆ ಎಳೆಯುತ್ತಾಳೆ. ಮಿಷನ್ನಿನ ಮುಂದೆ ಕೂತಾಗಲೂ ಅದು ಕೈಯಲ್ಲೇ, ಮಲಗಿದಾಗಲೂ ಕೈಯಲ್ಲೇ. ಒಳ್ಳೆಯ ಉಪಾಯ ಎಂದು ಡಾಕ್ಟರೂ ಮೆಚ್ಚಿದರು. ಅವತ್ತು ನರ್ಸಮ್ಮ ಗಂಟು ಬಿಚ್ಚಲಾಗದೆ ನನ್ನ ಕತ್ತರಿಯಿಂದಲೇ ಕತ್ತರಿಸಿ ನನ್ನನ್ನು ಹೊರಗೆ ತಳ್ಳಿದರು. ಗೇಣುದ್ದ ತುಂಡು ನನ್ನ ಕೈಯಲ್ಲೇ ಉಳಿದದ್ದು ನಾನು ನೋಡಲಿಲ್ಲ.

ಸಭಾಂಗಣ ಚೆನ್ನಾಗಿದೆ. ಕುರ್ಚಿಗಳಿಗೆ ಮೆತ್ತೆ ಹಾಕಿಸಿದ್ದಾರೆ. ಪಕ್ಕದಲ್ಲಿ ಕೋಟು ಹಾಕಿಕೊಂಡ ಒಬ್ಬ ಅಜ್ಜ. ಆರು ಗಂಟೆಗೆ ಪಿಟೀಲಿನವರು ಬಂದು ಕಮಾನು ಎತ್ತಿದರು. ನನಗೆ ಕಂಡದ್ದು ಅವರ ಬಲತೋಳಿನ ಕಂಕುಳ ಹೊಲಿಗೆ. ಯಾರೋ ಬಿಗಿ ಹಿಡಿದು ಹೊಲಿದಿದ್ದಾರೆ, ಕಮಾನು ಎಳೆದಾಗಲೆಲ್ಲ ಭುಜದ ಬಟ್ಟೆ ಮುದುಡುತ್ತಿತ್ತು. ಅರ್ಧ ಇಂಚು ಬಿಡಬೇಕಿತ್ತು. ಎಲ್ಲರೂ ತಲೆದೂಗುತ್ತಿದ್ದರು. ನಾನೂ ತೂಗಿದೆ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಆಮೇಲೆ ಏನಾಯಿತೋ ಗೊತ್ತಿಲ್ಲ. ಬೈಯಬೇಡ ಕಣೋ, ನಿನ್ನ ಕಚೇರಿಯಲ್ಲಿ ನಾನು ಸತ್ತವಳಂತೆ ನಿದ್ದೆ ಹೊಡೆದೆ.

ಕೈಯಲ್ಲಿ ಉಳಿದಿದ್ದ ದಾರ ಅಜ್ಜನ ತೋಳಿನ ಗುಂಡಿಗೆ ಸಿಕ್ಕಿಕೊಂಡಿತ್ತಂತೆ. ಅವರು ಕನ್ನಡಕ ಒರೆಸಲು ಕೈ ಎತ್ತಿದರು. ಎಳೆಯಿತು. ನಾನು ಎದ್ದು ನಿಂತು, "ಬಂದೆ ಅಮ್ಮಾ, ಬಂದೆ" ಅಂದೆ. ಗಟ್ಟಿಯಾಗಿಯೇ ಅಂದಿರಬೇಕು. ಪಿಟೀಲು ಒಂದೇ ಸ್ವರದ ಮೇಲೆ ಸಣ್ಣಗೆ ನಿಂತಿದ್ದ ಹೊತ್ತು, ಮುಂದಿನ ಎರಡು ಸಾಲೂ ಹಿಂತಿರುಗಿ ನೋಡಿದವು. ನಾನು ಆಗಲೇ ನೀರಿನ ಲೋಟಕ್ಕೆ ಕೈ ಚಾಚಿದ್ದೆ. ಅಜ್ಜ ನಿಧಾನವಾಗಿ ಗುಂಡಿಯಿಂದ ದಾರ ಬಿಡಿಸಿ, "ಕೂತ್ಕೊಳಮ್ಮ, ಯಾರೂ ಕರೀಲಿಲ್ಲ" ಅಂದರು. ಕೂತೆ. ಯಾರೂ ಕರೆಯಲಿಲ್ಲ ಎಂಬ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡೆ. ಇಡೀ ಸಂಜೆಯಲ್ಲಿ ನಾನು ನಿಜವಾಗಿ ಕೇಳಿಸಿಕೊಂಡದ್ದು ಅದೊಂದೇ. ಮುಗಿದ ಮೇಲೆ ನಡೆದುಕೊಂಡೇ ಮನೆಗೆ ಬಂದೆ, ಬೇಕೆಂದೇ ಸುತ್ತು ದಾರಿಯಲ್ಲಿ.

ಅಮ್ಮ ಎಚ್ಚರವಾಗಿದ್ದಳು. "ಹೇಗಿತ್ತು?" ಎಂದು ತುಟಿ ಆಡಿಸಿದಳು. ತುಂಬ ಚೆನ್ನಾಗಿತ್ತು, ಅತ್ತುಬಿಟ್ಟೆ ಅಂದೆ. ಅವಳಿಗೆ ಸಮಾಧಾನವಾಯಿತು. ಆಮೇಲೆ ಮಣಿಕಟ್ಟು ಮುಂದೆ ಚಾಚಿದಳು, ದಾರ ಕಟ್ಟು ಎಂದು. ಹೊಸ ದಾರ ಕಟ್ಟಿದೆ.

ನೀನು ಒಳ್ಳೆಯ ಮನಸ್ಸಿನಿಂದ ಕಳಿಸಿದ್ದೀಯ, ಅದು ನನಗೆ ಗೊತ್ತು. ನಿನ್ನ ಮೇಲೆ ಕೋಪವಿಲ್ಲ. ಕೋಪ ಮಾಡಿಕೊಳ್ಳುವಷ್ಟೂ ಉಳಿದಿಲ್ಲ ಅನ್ನಿಸುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಡೆಕ್ಕಿನ ಮೇಲೆ ಚಪ್ಪಲಿ ಎಳೆದುಕೊಂಡು ಓಡಾಡಬೇಡ. ಅಮ್ಮನ ಆಶೀರ್ವಾದ, ನನ್ನದೂ ಅದರ ಜೊತೆಗೆ. ನೂರು ಕಾಲ ಸುಖವಾಗಿರು.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಮೊನ್ನೆ ಶುಕ್ರವಾರ ಮಧ್ಯಾಹ್ನ ಅಮ್ಮ ದಾರ ಎಳೆದಳು. ನಾನು ಎಚ್ಚರವಾಗಿಯೇ ಇದ್ದೆ, ಕೈಯಲ್ಲಿ ಕೆಲಸವೂ ಇರಲಿಲ್ಲ. ಎದ್ದು ಹೋಗಲಿಲ್ಲ. ಹನ್ನೊಂದು ಸಲ ಎಳೆದಳು, ಕೂತು ಎಣಿಸಿದೆ. ಆಮೇಲೆ ನಿಲ್ಲಿಸಿದಳು. ಹೋಗಿ ನೋಡಿದಾಗ ಹಾಸಿಗೆ ಒದ್ದೆಯಾಗಿತ್ತು, ಅವಳು ಗೋಡೆಯ ಕಡೆ ಮುಖ ಮಾಡಿದ್ದಳು. ಇದನ್ನು ನಾನು ಯಾರಿಗೂ ಹೇಳಿಲ್ಲ. ಕಂಪನಿಯವರ ಆ ಕಾಗದಕ್ಕೆ ಸಹಿ ಹಾಕಬೇಡ. ಇನ್ನೊಂದು ಟಿಕೆಟ್ಟೂ ಕಳಿಸಬೇಡ. ಬಾ.