ನಲವತ್ತು ಸಾಕ್ಷಿಗಳ ಬಾವಿ

ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ

ಕಾಲೇಜಿನಲ್ಲಿ ಕೂತು ಪ್ರಬಂಧ ಬರೆಯುತ್ತಿರುವ ಹಿಂದಿನ ಕಾಲದ ಮಕ್ಕಳಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳಿಗೆ ತಿಂಗಳೇ ಇಲ್ಲ. ಕಡುಬೇಸಿಗೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ ಕಳೆಯುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಂಡಾವು. ಕ್ಷಮಿಸಿ, ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

ಈ ಕಥೆಯನ್ನು ಮೊದಲು ಹೇಳಿದವಳು ಕಾಶವ್ವ, ನಲವತ್ಮೂರು ವರ್ಷಗಳ ಹಿಂದಿನ ಒಂದು ಸಂಜೆ, ನಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಕೂತು. ಕೇಳಿದವರು ಹನ್ನೊಂದು ಜನ, ಎಲ್ಲರೂ ಅವಳ ಓರಗೆಯವರು. ಅವರಲ್ಲಿ ನಾನೂ ಒಬ್ಬ. ಅವಳು ಆಗಷ್ಟೇ ಬೇರುಕೋಣೆಯಿಂದ ಹೊರಬಿದ್ದಿದ್ದಳು.

ಬೇರುಕೋಣೆ ಎಂದರೆ ನಮ್ಮ ಗ್ರಂಥಾಲಯದ ಹಿಂದಿನ ಒಂದು ಕೊಠಡಿ. ಕಡೆಯ ವರ್ಷದವರು ಪ್ರಬಂಧ ಬರೆದ ಮೇಲೆ ಅದನ್ನು ಹಿಡಿದು ಒಳಗೆ ಹೋಗಬೇಕು. ಹೊರಗಿನಿಂದ ಚಿಲಕ ಬೀಳುತ್ತದೆ. ಬರೆದ ಒಂದೊಂದು ಮಾತಿಗೂ ಬೇರು ತೋರಿಸಬೇಕು, ಅಂದರೆ ಅದನ್ನು ಮೊದಲು ಕಣ್ಣಾರೆ ಕಂಡವರು ಅಥವಾ ಅಳೆದವರು ಯಾರು ಎಂಬುದನ್ನು. ಬೇರು ಸಿಗದ ಮಾತನ್ನು ಹೊಡೆದುಹಾಕಬೇಕು. ಅಲ್ಲಿಯವರೆಗೆ ಚಿಲಕ ತೆಗೆಯುವುದಿಲ್ಲ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಒಂದು ಗವಾಕ್ಷಿಯಿಂದ ಬರುತ್ತವೆ. ಹೆಚ್ಚಿನವರು ಒಂದು ದಿನದಲ್ಲಿ ಮುಗಿಸಿ ಬರುತ್ತಿದ್ದರು. ಏಕೆಂದರೆ ಬರೆಯುವಾಗಲೂ ಬೇರು ಹುಡುಕುವಾಗಲೂ ನಾವು ನಂಬಿದ್ದು ಒಂದನ್ನೇ, ಉತ್ತರಗನ್ನಡಿಯನ್ನು. ಅದು ಗೋಡೆಗೆ ಹಾಕಿದ ಹಾಳೆಯಂಥದು. ಕೇಳಿದರೆ ಹೇಳುತ್ತದೆ, ಯಾರು ಹೇಳಿದ್ದು ಎಂದರೆ ಹೆಸರುಗಳನ್ನೂ ಸುರಿಯುತ್ತದೆ. ನಾವು ಆ ಹೆಸರುಗಳನ್ನು ಎಣಿಸುತ್ತಿದ್ದೆವು, ತೆರೆದು ನೋಡುತ್ತಿರಲಿಲ್ಲ.

ಕಾಶವ್ವನ ಪ್ರಬಂಧ ಬಿಳಿಕಟ್ಟಿಯ ಬಾವಿಯ ಮೇಲೆ. ನಮ್ಮೂರಿನ ಅರವತ್ತು ಮನೆಯವರು ಆ ಹಾಳುಬಿದ್ದ ಊರಿಗೆ ಹೋಗಿ ನೆಲೆಸಬೇಕೆಂದಿತ್ತು. ‘ಬಾವಿಯ ನೀರು ಕುಡಿಯಲು ಯೋಗ್ಯ’ ಎಂದು ಅವಳು ಬರೆದಿದ್ದಳು. ಅದಕ್ಕೆ ನಲವತ್ತು ಆಕರ. ಊರು ಎತ್ತುವ ಕಚೇರಿಯವರಿಗೆ, ಅಂದರೆ ಜನರನ್ನು ಒಂದೂರಿಂದ ಇನ್ನೊಂದೂರಿಗೆ ಸಾಗಿಸುವವರಿಗೆ, ಅವಸರ. ಅವಳು ಕೋಣೆ ಹೊಕ್ಕ ದಿನವೇ ಆ ಒಂದು ಸಾಲನ್ನು ಓದಿ, ಬಂಡಿ ಹೂಡಲು ಹೇಳಿಬಿಟ್ಟರು. ಅವಳ ಚಿಕ್ಕವ್ವನೂ ಎರಡು ಕೂಸುಗಳನ್ನು ಕಟ್ಟಿಕೊಂಡು ಹೊರಟಿದ್ದಳು. ಹೊರಡಲು ಹತ್ತು ದಿನ ಬಾಕಿ.

ಚಿಕ್ಕವ್ವ ಕುಡಿಯುವ ನೀರೆಂದು, ಮೊದಲ ದಿನ ಕಾಶವ್ವ ಒಂದನೇ ಆಕರ ತೆರೆದೇ ನೋಡಿದಳು. ಅದು ಏಳನೆಯದನ್ನು ನೋಡು ಎಂದಿತು. ಏಳನೆಯದು ಇಪ್ಪತ್ತೆರಡನೆಯದನ್ನು ತೋರಿಸಿತು. ಅದು ಮತ್ತೆ ಒಂದನೆಯದನ್ನೇ. ಮೂರನೆಯ ದಿನದ ಹೊತ್ತಿಗೆ ನಲವತ್ತನ್ನೂ ಗೋಡೆಯ ಮೇಲೆ ಬರೆದು ಗೆರೆ ಎಳೆದಳು. ಎಲ್ಲ ಗೆರೆಗಳೂ ಗಾಣದ ಎತ್ತಿನ ಹಾಗೆ ಸುತ್ತಿ ಹೊರಟಲ್ಲಿಗೇ ಬಂದವು. ಬಾವಿಗೆ ಹೋದವರು ನಲವತ್ತರಲ್ಲಿ ಒಬ್ಬರೂ ಇರಲಿಲ್ಲ.

ಗವಾಕ್ಷಿಯಾಚೆ ರೊಟ್ಟಿ ತರುತ್ತಿದ್ದವನು ಗ್ರಂಥಾಲಯದ ಮುದುಕ ಗುಡದಪ್ಪ.

“ಏನ ಕಾಶಿ, ಊಟ ಹಂಗ ಐತಲ್ಲಬೇ. ಪಲ್ಯ ಸೇರಲಿಲ್ಲೇನು?”

“ಯಜ್ಜಾ, ಚಿಲಕ ತಗೀ. ಬಂಡಿ ನಿಲ್ಲಸಬೇಕು.”

“ತಗೀತೀನಿ. ಆ ಸಾಲು ಹೊಡದ ಹಾಕು, ಈಗಿಂದೀಗ ತಗೀತೀನಿ. ಹೊರಗ ಬಂದು ಏನ ಹೇಳ್ತಿ?”

“ಗೊತ್ತಿಲ್ಲ ಅಂತೀನಿ.”

“ಅವರು ನಲವತ್ತು ಹೆಸರು ಹೇಳ್ತಾರ. ನೀ ಒಬ್ಬಾಕಿ.”

ಅವಳು ಅತ್ತಳು. ಗುಡದಪ್ಪ ಸಮಾಧಾನ ಹೇಳುವ ಪೈಕಿಯವನಲ್ಲ. “ಅಳೂದು ಮುಗದ ಮ್ಯಾಲೆ ಹೇಳು. ಕನ್ನಡಿಗೆ ಏನಂತ ಕೇಳಿದ್ದಿ?”

“ಬಿಳಿಕಟ್ಟಿ ಬಾವಿ ನೀರು ಚಲೋ ಐತೇನು ಅಂತ.”

“ಹಂಗ ಕೇಳಿದ್ರ ಹೌದಂತನ ಹೇಳ್ತೈತಿ. ನೀ ಬೀಗರ ಮನ್ಯಾಗ ಕುಂತು, ಹುಡುಗ ಚಲೋ ಅದಾನೇನ್ರಿ ಅಂತ ಕೇಳಿದಂಗಾತು. ಬಾವಿ ಬಿಡು. ಆ ನೀರು ಕುಡದವರು ಏನಾದ್ರು ಅಂತ ಕೇಳು. ಹಲ್ಲು, ಮೊಣಕಾಲು, ಬೆನ್ನು. ಅದೂ ಕನ್ನಡಿಗಲ್ಲ. ನಿನ್ನ ಹಿಂದ ಕಪಾಟನ್ಯಾಗ ಕಾಗದದ ಪುಸ್ತಕ ಅದಾವು.”

ಕಾಶವ್ವನಿಗೆ ಕಾಗದದ ಪುಸ್ತಕದಲ್ಲಿ ಹುಡುಕುವುದು ಗೊತ್ತಿರಲಿಲ್ಲ. ನಮಗ್ಯಾರಿಗೂ ಗೊತ್ತಿರಲಿಲ್ಲ. ಮೊದಲ ಪುಟದಿಂದ ಓದತೊಡಗಿದಳು. ಎರಡು ದಿನ ಹಾಗೇ ಹೋಯಿತು. ಗುಡದಪ್ಪ ಗವಾಕ್ಷಿಯಿಂದ ನೋಡಿ ಹಣೆ ಚಚ್ಚಿಕೊಂಡ. “ಯವ್ವಾ, ತಿರುವಿ ಹಾಕು! ಹಿಂದಿನ ಹಾಳ್ಯಾಗ ಪದಗೋಳ ಪಟ್ಟಿ ಇರತೈತಿ. ಪದಾ ಹುಡುಕು, ಪುಟಾ ತಗೊ.” ಬರೆದವರು ಯಾರು, ಯಾವ ವರ್ಷ, ಯಾರಿಗಾಗಿ ಬರೆದರು, ಅಡಿಟಿಪ್ಪಣಿ ಎಲ್ಲಿಗೆ ಕಳಿಸುತ್ತದೆ ಎಂದು ನೋಡುವುದನ್ನೂ ಅವನೇ ಕಲಿಸಿದ. ಕೈ ಚಾಚಿದರೆ ಮೊಣಕೈವರೆಗೆ ಮಾತ್ರ ತೂರುವ ಆ ಕಿಂಡಿಯಲ್ಲಿ ಬೆರಳು ಆಡಿಸಿ ಆಡಿಸಿ ಕಲಿಸಿದ.

ಎಂಟನೆಯ ದಿನ, ಹಲ್ಲಿನ ವೈದ್ಯರ ಶಿಬಿರದ ಒಂದು ವರದಿಯ ಅಡಿಟಿಪ್ಪಣಿ ಅವಳನ್ನು ನಿಮ್ಮ ಕಾಲದ ಒಂದು ತೆಳು ಪ್ರಬಂಧದ ಕಡೆಗೆ ಕರೆದೊಯ್ದಿತು. ಶಬಾನಾ ನದಾಫ, ಬಿ.ಎಸ್ಸಿ. ಎರಡನೆಯ ವರ್ಷ. ಅವಳು ಹೀಗೆ ಬರೆದಿದ್ದಳು: ‘ನೀರು ಕುಡಿಯಲು ಯೋಗ್ಯ ಎಂದು ಊರಿನವರು ಹೇಳುತ್ತಾರೆ. ಆದರೆ ಏಪ್ರಿಲ್ ಹನ್ನೆರಡರಂದು ನಾನೇ ಹೋಗಿ ಮೂರು ಬಾಟಲಿ ತುಂಬಿಸಿ ಪರೀಕ್ಷೆ ಮಾಡಿಸಿದೆ. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇರಬೇಕಾದ್ದಕ್ಕಿಂತ ಮೂರುಪಟ್ಟು ಇದೆ. ಫಲಿತಾಂಶದ ಪ್ರತಿ ಲಗತ್ತಿಸಿದೆ.’ ಮುಂದೆ ಯಾರೋ ಅವಸರದವರು ಮೊದಲ ಸಾಲಿನ ಅರ್ಧವನ್ನಷ್ಟೇ ಎತ್ತಿಕೊಂಡರು. ಅವರನ್ನು ನೋಡಿ ಇನ್ನೊಬ್ಬರು. ಹಾಗೆ ನಲವತ್ತಾಯಿತು.

ಕಾಶವ್ವ ಬೇರು ತೋರಿಸಿದಳು, ಒಂಬತ್ತನೆಯ ದಿನ ಚಿಲಕ ತೆರೆಯಿತು. ನೇರ ಕಚೇರಿಗೆ ಓಡಿದಳು. ಅವರು ಎರಡೇ ಮಾತು ಹೇಳಿದರು: ಅದು ನೂರ ನಲವತ್ತು ವರ್ಷದ ಹಳೆಯ ಕಾಗದ, ಬಂಡಿಗಳು ನಾಳೆ ಬೆಳಿಗ್ಗೆ ಹೊರಡುತ್ತವೆ. ಅಲ್ಲಿಂದ ಬಂದು ಮೆಟ್ಟಿಲ ಮೇಲೆ ಕೂತು ನಮಗೆ ಇದನ್ನೆಲ್ಲ ಹೇಳಿದಳು. ಹೊರಗ ಬಂದರೂ ಕೋಣ್ಯಾಗ ಅದೀನಿ ಅನ್ನಿಸ್ತೈತಿ, ಅಂದಳು.

ಮಕ್ಕಳೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಪ್ರಬಂಧ ಅಂಕಕ್ಕಾಗಿ ತಾನೇ ಎಂದು ಅರ್ಧ ಸಾಲು ಎತ್ತಿಕೊಳ್ಳಬೇಡಿ. ಮೂಲವನ್ನು ತೆರೆದು ಪೂರ್ತಿ ಓದಿ. ಎಲ್ಲಿ ಸಿಕ್ಕಿತು, ಯಾವ ದಿನ ನೋಡಿದಿರಿ ಎಂದು ಬರೆದಿಡಿ. ನಿಮ್ಮಲ್ಲಿ ಯಾರು ಶಬಾನಾ, ಯಾರು ಆ ಅವಸರದವರು ಎಂದು ನನಗೆ ತಿಳಿಯದು. ನಾವು ಓದುವುದು ಮಾತ್ರ ಇಬ್ಬರನ್ನೂ.

ಮರುದಿನ ಬೆಳಿಗ್ಗೆ ನಾವು ಹನ್ನೊಂದು ಜನ ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ. ನಾವು ಅದುವರೆಗೆ ನೆರಳುಬೀದಿ ದಾಟಿದವರಲ್ಲ. ಅಂದರೆ ಬಿಸಿಲು ತಾಗದಂತೆ ಮೇಲೆ ಹೊದಿಸಿದ ನಮ್ಮ ಓಣಿಗಳನ್ನು. ಕಾಶವ್ವನನ್ನು ಮುಂದೆ ಬಿಟ್ಟುಕೊಂಡು, ತಲೆಗೆ ಒದ್ದೆ ಟವೆಲ್ ಸುತ್ತಿ, ಖಾಲಿ ಬಾಟಲಿ ಹಿಡಿದು ಬಿಳಿಕಟ್ಟಿಯ ದಾರಿ ಹಿಡಿದೆವು. ಊರ ಹೊರಗೆ ಬಂಡಿಗಳು ಸಾಲಾಗಿ ನಿಂತಿದ್ದವು. ಮೊದಲ ಬಂಡಿಯಿಂದ ಕಾಶವ್ವನ ಚಿಕ್ಕವ್ವ ಬಗ್ಗಿ ಕೇಳಿದಳು:

“ಏನ್ರಪಾ, ಓದಿದವರು ನೀವು. ಆ ನೀರು ಕುಡಿಯಾಕ ಬರ್ತೈತೋ ಇಲ್ಲೋ?”

ಹನ್ನೊಂದು ಜನರಲ್ಲಿ ಯಾರು ಮೊದಲು ಬಾಯಿ ತೆರೆದರೋ ನೆನಪಿಲ್ಲ. ಕನ್ನಡಿಯನ್ನು ಕೇಳದೆ ನಾವು ಕೊಟ್ಟ ಮೊದಲ ಉತ್ತರ ಅದು.

“ಇನ್ನಾ ಗೊತ್ತಿಲ್ಲ ಯಕ್ಕಾ. ನೋಡಾಕ ಹೊಂಟೀವಿ.”

ಅವಳು ನಮ್ಮ ಮುಖಗಳನ್ನು ಒಂದು ಸುತ್ತು ನೋಡಿದಳು. ಆಮೇಲೆ ಕೂಸುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಎತ್ತುಗಳ ಕೊರಳಿನಿಂದ ನೊಗ ಬಿಚ್ಚಿದಳು.