ಒಡೆದ ರುಬ್ಬುವ ಕಲ್ಲಿನ ತೋಟ

ಗೆಳತಿ ಗೋದಾ,

ನಾನು ಪದ್ಮಾವತಿ. ಮಾಟುಂಗದ ಹೋಟೆಲಿನ ಒಡತಿ, ಮೂವರು ಗಂಡುಮಕ್ಕಳ ತಾಯಿ, ಹೈಸ್ಕೂಲು ಓದಿದವಳು, ಈ ಚಾಳಿನಲ್ಲಿ ಯಾರ ಬಾಗಿಲಿಗೂ ಸಕ್ಕರೆ ಕೇಳಲು ಹೋಗದವಳು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೆ ನಾನು ಹೀಗೆ ಶುರುಮಾಡಿದ ಕೂಡಲೇ, "ಆತು ಯಜಮಾನ್ತಿ, ಬಿರುದು ಬಾವಲಿ ಸಾಕು, ಒಳಗ ಬಾ" ಎನ್ನುತ್ತಿದ್ದವಳು ನೀನೊಬ್ಬಳೇ. ನೀನು ಹೋದ ಮೇಲೆ ನನ್ನ ಮಾತನ್ನು ನಡುವೆ ಯಾರೂ ತಡೆಯುವುದಿಲ್ಲ. ಕೊನೆಯವರೆಗೂ ಕೇಳಿಸಿಕೊಳ್ಳುತ್ತಾರೆ. ಎಷ್ಟು ಬೇಸರ ಗೊತ್ತೇ ಅದು?

ಹೋಟೆಲಿನ ದೊಡ್ಡ ರುಬ್ಬುವ ಕಲ್ಲು ಸೀಳಿದ ದಿನ ಅದನ್ನು ಎಸೆಯಲು ಹೇಳಿದ್ದೆ. ನೀನು ಅಡ್ಡ ನಿಂತೆ. "ಹಿಟ್ಟು ನಿಲ್ಲೂದಿಲ್ಲಂದ್ರ ಏನಾತು? ಸೀಳಿನಾಗ ನೀರು ಇಳೀತದ. ಗಿಡಕ್ಕ ಅದೇ ಬೇಕು." ಆಳುಗಳು ಬೈದುಕೊಳ್ಳುತ್ತ ಹೊತ್ತು ತಂದು ನಿನ್ನ ಬಾಗಿಲ ಮುಂದಿನ ಗ್ಯಾಲರಿಯಲ್ಲಿಟ್ಟರು. ಗುಂಡಿಯ ತಳಕ್ಕೆ ನೀನು ಇಟ್ಟಿಗೆಯ ಚೂರು, ಮೇಲೆ ಮರಳು ಬೆರೆಸಿದ ಮಣ್ಣು ತುಂಬಿದೆ. ಒಡೆದ ಕನ್ನಡಿ ಕೆರೆಯಾಯಿತು. ಬೆಂಕಿಕಡ್ಡಿಗಳನ್ನು ಅಂಟಿಸಿ ಬೆರಳುದ್ದದ ಬೆಂಚು ಮಾಡಿ, ಅದರ ಮೇಲೆ ಕಿನ್ನರಿಯರು ಬಂದು ಕೂರುತ್ತಾರೆ ಎಂದೆ. ಐವತ್ತು ದಾಟಿದ ಹೆಂಗಸು! "ಇಬ್ಬರೇ ಬರ್ತಾರ. ಒಬ್ಬಾಕಿ ಧಾರವಾಡದಾಕಿ, ಒಬ್ಬಾಕಿ ಉಡುಪಿಯಾಕಿ. ಉಡುಪಿಯಾಕಿ ಮಾತಾಡೂದಿಲ್ಲ, ಬರೇ ಹುಬ್ಬು ಗಂಟು ಹಾಕತಾಳ." ಬೆಂಚಿನ ನಡುವೆ ನೀನು ಕಾಡಿಗೆಯಿಂದ ಗೆರೆ ಎಳೆದೆ. "ಈ ಕಡೆ ನಮ್ಮ ಮುಂಬಯಿ ಪ್ರಾಂತ, ಆ ಕಡೆ ನಿಮ್ಮ ಮದ್ರಾಸ ಪ್ರಾಂತ. ಗಡಿ ದಾಟಬ್ಯಾಡ ಮತ್ತ." ನಾನು ನಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ.

ಗಿಡ ಆರಿಸುವಾಗಲಂತೂ ನೀನು ನನಗಿಂತ ಕಠಿಣ. ಎಲೆ ಸಣ್ಣದಿರಬೇಕು, ಹೂವು ಅಂಗಿಯ ಗುಂಡಿಗಿಂತ ದೊಡ್ಡದಾಗಬಾರದು, ಒಂದೇ ಬಾಯಾರಿಕೆಯ ಗಿಡಗಳು ಮಾತ್ರ ಅಕ್ಕಪಕ್ಕ ಇರಬೇಕು. ಬಿಸಿಲು ಬೀಳುವ ಅಂಚಿಗೆ ಹತ್ತು ಗಂಟೆ ಹೂವು. ಅದಕ್ಕೆ ಮಣ್ಣು ಒಣಗಿದ ಮೇಲಷ್ಟೇ ನೀರು. ನೆರಳಿನ ಬದಿಗೆ ಪಾಚಿ, ಜರಿಗಿಡ. ಅವಕ್ಕೆ ಬೆರಳಿನಿಂದ ಚಿಮುಕಿಸಿದ ನೀರು. ನಡುವೆ ಮರದ ಬದಲು ಒಂದು ಮರುಗದ ಕಡ್ಡಿ. ತುದಿ ಚಿವುಟಿ ಚಿವುಟಿ ಅದನ್ನು ಗೇಣು ದಾಟಲು ಬಿಡಲಿಲ್ಲ. ಅದರ ಬುಡದಲ್ಲಿ ಆ ಬೆಂಚು.

ಜರಿಗಿಡ ತರಲು ದಾದರಿನಲ್ಲಿ ಗಾಡಿ ಬದಲಿಸಿ ಬೊರಿವಲಿಗೆ ಹೋದದ್ದು ಮರೆತಿಲ್ಲ ತಾನೆ? ಬರುವಾಗ ಒದ್ದೆ ಬಟ್ಟೆಯ ಗಂಟು ನನ್ನ ಮಡಿಲಲ್ಲಿ ಸೋರುತ್ತಿತ್ತು. ಎದುರಿನ ಮೀನುಗಾರ್ತಿ ಅದನ್ನೇ ನೋಡಿ, "ಕಾಯ್ ಬಾಯಿ, ಕುಠ್ಲಾ ಮಾಸಾ?" ಎಂದಳು. ಯಾವ ಮೀನು ಎಂದು ನನ್ನನ್ನು, ಈರುಳ್ಳಿಯನ್ನೂ ಮನೆಗೆ ತರದ ನನ್ನನ್ನು ಕೇಳಿದಳು! ನಾನು ಬಾಯಿ ತೆರೆಯುವ ಮೊದಲೇ ನೀನು "ಬಾಂಗಡಾ" ಎಂದುಬಿಟ್ಟೆ. ದಾದರ್ ಬರುವವರೆಗೆ ನಿನ್ನೊಡನೆ ಮಾತು ಬಿಟ್ಟಿದ್ದೆ. ಈಗ ಆ ಮೌನವನ್ನು ಯಾರ ಮೇಲೆ ಪ್ರಯೋಗಿಸಲಿ…

"ತೋಟ ಅಂತೀ, ತುಳಸಿ ಎಲ್ಲಿ ಮಾರಾಯ್ತಿ?" ಎಂದು ಕೇಳಿದ್ದೆ ಒಮ್ಮೆ. ನೀನು ಕತ್ತೆತ್ತದೆ, "ಕಿನ್ನರಿಯರ ಊರಾಗ ತುಳಸಿ ಆಲದ ಮರ ಆಗತದವಾ. ನಿನ್ನ ಕಟ್ಟಿ ಮ್ಯಾಲಿಂದು ನಿನಗ ಇರಲಿ" ಎಂದೆ. ಆ ಮಾತನ್ನು ನಾನು ಕೇಳಬೇಕಿತ್ತು.

ಹೋದ ವರ್ಷದ ಮಳೆಗಾಲದಲ್ಲಿ ನಿನ್ನನ್ನು ಜ್ವರ ಕೊಂಡೊಯ್ದಿತು. ಕರ್ಮಾಂತರ ಮುಗಿಸಿ ನಿನ್ನ ರಾಯರು ತಮ್ಮನ ಮನೆಗೆಂದು ಧಾರವಾಡಕ್ಕೆ ಹೊರಟು ನಿಂತರು. "ಅಕ್ಕಾರ, ಇದನ್ನ ನೀವ ಇಟಗೊಳ್ರಿ. ಆಕಿ ಕೈಲೆ ಬೆಳದದ್ದು ಇದೊಂದ ಉಳದದ" ಎಂದರು. ಕಲ್ಲು ನನ್ನ ಬಾಗಿಲಿಗೆ ಬಂತು. ಅಷ್ಟರಲ್ಲಿ ಮರುಗ ಒಣಗಿಹೋಗಿತ್ತು. ನಾನು ಬೆಂಚನ್ನು ತೆಗೆದು ದೇವರ ಗೂಡಿನಲ್ಲಿಟ್ಟು, ಆ ಜಾಗದಲ್ಲಿ ನಿನ್ನ ಹೆಸರಿನಲ್ಲಿ ತುಳಸಿ ನೆಟ್ಟೆ. ಮಕ್ಕಳಿಲ್ಲದೆ ಹೋದವಳು, ನಿನಗೆ ದಿನಾ ನೀರು ಬಿಡುವವರು ಯಾರು? ನಾನು ಬಿಡುತ್ತೇನೆ ಎಂದುಕೊಂಡೆ. ಬೆಳಿಗ್ಗೆ ಒಂದು ತಂಬಿಗೆ ನೀರು, ಅಕ್ಷತೆ, ಸಂಜೆ ದೀಪ.

ಒಂದು ವರ್ಷದಲ್ಲಿ ತುಳಸಿ ನನ್ನ ಸೊಂಟಕ್ಕೆ ಬಂತು. ತಂಬಿಗೆಯ ನೀರಿಗೆ ಹತ್ತು ಗಂಟೆ ಹೂವಿನ ಕಾಂಡ ಕೊಳೆಯಿತು, ಉಳಿದದ್ದು ನೆರಳಿನಲ್ಲಿ ಅರಳಲಿಲ್ಲ. ಅಕ್ಷತೆಗೆ ಇರುವೆ ಮುತ್ತಿತು. ದೀಪದ ಬಿಸಿಗೆ ಪಾಚಿ ಕಂದಿತು. ಮರುಗವಾದರೆ ಚಿವುಟಬಹುದು, ತುಳಸಿಯನ್ನು ಚಿವುಟಿ ಕುಳ್ಳಾಗಿಸಲು ನನ್ನ ಕೈ ಬರುತ್ತದೆಯೇ? ಕಿತ್ತರೆ ನಿನ್ನ ನೀರನ್ನೇ ಕಿತ್ತ ಹಾಗೆ. ಬಿಟ್ಟರೆ ನಿನ್ನ ತೋಟ… ಹಿರಿಯ ಮಗನನ್ನು ಕೇಳಿದೆ. "ಅಮ್ಮ ಮಾಡಿದ ಮೇಲೆ ಸರಿಯೇ" ಎಂದ. ಹಿರಿಯ ಸೊಸೆ ಸುಮತಿಯನ್ನು ಕೇಳಿದೆ. "ಚಂದ ಉಂಟು ಅತ್ತೆ" ಎಂದಳು. ಕಣ್ಣೆದುರು ಸಾಯುತ್ತಿರುವುದನ್ನು ಚಂದ ಎನ್ನುವಷ್ಟು ಗೌರವ ನನಗೆ ಈ ಮನೆಯಲ್ಲಿ.

ಮೊನ್ನೆ ಉತ್ಥಾನ ದ್ವಾದಶಿ. ನೆಲ್ಲಿಯ ಕೊಂಬೆ ನೆಟ್ಟು ಸುಮತಿ ತುಳಸಿಪೂಜೆ ಮಾಡಿದಳು; ಗಂಡನಿಲ್ಲದ ನಾನು ಹೊಸ್ತಿಲ ಒಳಗೆ ನಿಂತಿದ್ದೆ. ಕಟ್ಟೆಯ ಪೂಜೆ ಮುಗಿಸಿ ನಿನ್ನ ಕಲ್ಲಿನ ತುಳಸಿಗೆ ನೀರೆರೆಯಲು ತಂಬಿಗೆ ಎತ್ತಿದವಳು ಹಾಗೇ ನಿಂತಳು.

"ಅತ್ತೆ, ಒಂದು ಮಾತು ಹೇಳ್ಲಿಕ್ಕುಂಟು. ಬೈಯಬೇಡಿ."

"ಎಂತ?"

"ತುಳಸಿಗೂ ಇಲ್ಲಿ ಜಾಗ ಸಾಲುದಿಲ್ಲ. ಗೋದಕ್ಕನ ತೋಟವೂ ಹೋಗ್ತಾ ಉಂಟು. ನಿಮಗೆ ಕಾಣುದಿಲ್ವಾ?"

ನನ್ನ ಹುಬ್ಬು ಗಂಟಾಯಿತು. ಆದರೂ ಅವಳು ಕದಲಲಿಲ್ಲ. ಎಷ್ಟು ದಿನವಾಗಿತ್ತು ಗೋದಾ, ಒಬ್ಬರು ನನ್ನೆದುರು ಹೀಗೆ ನಿಲ್ಲದೆ!

ಇಂದು ಬೆಳಿಗ್ಗೆ ಹೋಟೆಲಿನಿಂದ ದೊಡ್ಡ ಎಣ್ಣೆ ಡಬ್ಬವನ್ನೂ ಹೊಸ ದೋಸೆ ಸಟ್ಟುಗವನ್ನೂ ತರಿಸಿದೆ. ಬೇರು ಹರಿಯದಂತೆ ಸುತ್ತಲಿನ ಮಣ್ಣು ಸಮೇತ ತುಳಸಿಯನ್ನು ಎಬ್ಬಿಸಿ ಡಬ್ಬಕ್ಕೆ ಇಳಿಸಿದೆ. ಬಾಗಿಲ ಬಲಕ್ಕೆ ಅದು, ಎಡಕ್ಕೆ ನಿನ್ನ ಕಲ್ಲು. ನಿನ್ನ ತಂಬಿಗೆ ನೀರು ತಪ್ಪುವುದಿಲ್ಲ. ಸುಮತಿ ದಾದರಿನ ಪೇಟೆಯಿಂದ ಮರುಗದ ಕಡ್ಡಿ ತಂದು ನಟ್ಟನಡುವೆ ನೆಟ್ಟಳು. ನಾನು ನೀರು ಚಿಮುಕಿಸುತ್ತಿದ್ದರೆ, "ಸಾಕು ಅತ್ತೆ, ಆ ಬದಿಗೆ ಬೇಡ" ಎಂದಳು. ನಾನು ಕೈ ತೆಗೆದೆ.

ನೀನು ಕೇಳದ ಒಂದು ಸುದ್ದಿಯಿದೆ. ನಿನ್ನ ಧಾರವಾಡವೂ ನನ್ನ ಉಡುಪಿಯೂ ಈ ತಿಂಗಳಿಂದ ಒಂದೇ ರಾಜ್ಯಕ್ಕೆ ಸೇರಿವೆ. ದೇವರ ಗೂಡಿನಿಂದ ಬೆಂಚು ತೆಗೆದೆ, ಬೆರಳು ಒದ್ದೆ ಮಾಡಿ ಆ ಕಾಡಿಗೆಯ ಗೆರೆಯನ್ನು ಒರೆಸಿದೆ, ಮರುಗದ ಬುಡದಲ್ಲಿ ಅದರ ಹಳೆಯ ಜಾಗದಲ್ಲೇ ಇಟ್ಟಿದ್ದೇನೆ.

ನಿನ್ನ
ಪದ್ಮಾವತಿ